ಆ ಚಿತ್ರದ ಖಾಲಿ ಬದಿ

ನಮ್ಮ ವಿಭಾಗದ ಅಟೆಂಡರ್ ಕುಂಞಣ್ಣ ಬಸ್‌ಸ್ಟ್ಯಾಂಡಿನಿಂದ ನೇರ ಸ್ಟಾಫ್‌ರೂಮಿಗೆ ಬಂದು, ಅವರು ತೀರಿಕೊಂಡರಂತೆ ಎಂದು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಯಾರು ಹೇಳಿದ್ದು ಎಂದು. ಸುಳ್ಯದ ಬಸ್ಸಿನ ಕಂಡಕ್ಟರ್ ಹೇಳಿದನಂತೆ. ಕಂಡಕ್ಟರ್ ನೋಡಿದ್ದಾನಾ? ಇಲ್ಲ, ಐವರ್ನಾಡಿನಲ್ಲಿ ಹತ್ತಿದ ಯಾರೋ ಅವನಿಗೆ ಹೇಳಿದ್ದು. ಆ ಯಾರೋ ಆದರೂ ನೋಡಿದ್ದಾನಾ? ಕುಂಞಣ್ಣ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. "ನೀವು ಸಹ ಅವರ ಹಾಗೇ ಆದ್ರಿ ಮಾರಾಯ್ರೆ. ಸತ್ತವರಿಗೂ ಸಾಕ್ಷಿ ಬೇಕಾ?" ಎಂದವನೇ ಹೊರಗೆ ಹೋದ. ಅವನ ಕಣ್ಣು ಒದ್ದೆಯಾಗಿತ್ತು. ನನಗೆ ಆ ಹೊತ್ತಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಹೆಸರುಗಳ ಮೇಲೆ ವಿಪರೀತ ಗುಮಾನಿ. ಉತ್ತರಪತ್ರಿಕೆಗಳ ಕಟ್ಟು ಬಂದರೆ ಮೊದಲು ಕುಂಞಣ್ಣನನ್ನು ಕರೆದು ಪ್ರತಿ ಪತ್ರಿಕೆಯ ಹೆಸರಿರುವ ಮೂಲೆಯನ್ನು ಮಡಚಿಸಿ, ಸೂಜಿ ದಾರದಿಂದ ಹೊಲಿಸುತ್ತಿದ್ದರು. ಹೆಸರು ಕಂಡರೆ ಕೈ ತನ್ನಷ್ಟಕ್ಕೆ ಒಂದು ಮಾರ್ಕು ಆಚೀಚೆ ಮಾಡುತ್ತದೆ, ಕೈಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಕಣ್ಣಿಗೆ ತೋರಿಸದಿದ್ದರೆ ಆಯಿತು ಎನ್ನುವುದು ಅವರ ವಾದ. ಹೆಸರು ಮುಚ್ಚಿದರೂ ಕೈಬರಹ ಗುರುತು ಸಿಗುವುದಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ಎಲ್ಲರೂ ಒಂದೇ ಗೈಡಿನಿಂದ ಬರೆದ ಮೇಲೆ ಯಾರ ಬರಹವಾದರೇನು ಎಂದಿದ್ದರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ಇಲ್ಲಿಯೂ ಅದೇ ಸಾಕು.

ಐವರ್ನಾಡಿನ ಕಡೆಯ ಕನ್ನಡ ಮಾತಿನ ಮನೆತನ. ಅಡಿಕೆ ತೋಟವಿತ್ತು, ಅದನ್ನು ತಮ್ಮಂದಿರಿಗೆ ಬಿಟ್ಟಿದ್ದರು. ಮುಂಬಯಿಯಲ್ಲಿ ಕಣಭೌತವಿಜ್ಞಾನ ಓದಿ, ಅಲ್ಲಿಯೇ ಕೆಲವು ವರ್ಷ ಸಂಶೋಧನೆ ಮಾಡಿ, ಮನೆಯ ಯಾವುದೋ ಕಾರಣಕ್ಕೆ ಎಪ್ಪತ್ತರ ದಶಕದ ಆರಂಭದಲ್ಲಿ ಪುತ್ತೂರಿನ ಕಾಲೇಜೊಂದಕ್ಕೆ ಬಂದು ಸೇರಿದರು. ಎದುರಿಗಿದ್ದವರು ಮಾತಾಡುವಾಗ ಒಂದು ಕಣ್ಣು ಮುಚ್ಚಿ ಕೇಳುವುದು ಅವರ ಅಭ್ಯಾಸ. ಅದು ಗಮನವೋ ಅಪನಂಬಿಕೆಯೋ ತಿಳಿಯದೆ, ಹೇಳುತ್ತಿದ್ದವರು ಅರ್ಧಕ್ಕೆ ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುತ್ತಿದ್ದರು. ಬಸ್ಸು ಈಗ ಬರುತ್ತದೆ ಎಂದರೆ, ಈಗ ಎಂದರೆ ಎಷ್ಟು ನಿಮಿಷ ಎಂದು ಕೇಳುವ ಜಾತಿ. ದೇವರು ಪ್ರತ್ಯಕ್ಷನಾದರೂ, ಇನ್ನೊಮ್ಮೆ ಬನ್ನಿ, ಅಷ್ಟರಲ್ಲಿ ಬೇರೆಯವರನ್ನೂ ಕರೆಯುತ್ತೇನೆ ಎಂದಾರು ಎಂದು ಸ್ಟಾಫ್‌ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ಈ ತಮಾಷೆ ಅವರ ಕಿವಿಗೂ ಬಿದ್ದಿತ್ತು. ಅದರಲ್ಲಿ ತಪ್ಪೇನು ಎಂದು ಅವರಿಗೆ ಕೊನೆಗೂ ಅರ್ಥವಾಗಲಿಲ್ಲ.

ನಾನು ಅವರ ವಿದ್ಯಾರ್ಥಿಯಾದದ್ದು ಆ ದಶಕದ ನಡುವಿನಲ್ಲಿ. ಲ್ಯಾಬಿನ ಮೊದಲ ಪ್ರಯೋಗ, ಲೋಲಕವನ್ನು ತೂಗಿ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವುದು. ಉತ್ತರ ಒಂಬೈನೂರ ಎಂಬತ್ತು ಬರಬೇಕೆಂದು ಹುಟ್ಟುವಾಗಲೇ ಗೊತ್ತಿದ್ದವರಂತೆ ನಾವೆಲ್ಲ ಬಂದಿದ್ದೆವು. ನಮ್ಮಲ್ಲಿ ಆಗ ಪದ್ಧತಿಯೇ ಹಾಗೆ. ಉತ್ತರವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಬೇಕಾದ ರೀಡಿಂಗುಗಳನ್ನು ಕೋಷ್ಟಕದಲ್ಲಿ ತುಂಬಿಸುವುದು. ಸೀನಿಯರುಗಳು ಕಲಿಸಿಕೊಟ್ಟದ್ದು, ಅಧ್ಯಾಪಕರು ಕಣ್ಣುಮುಚ್ಚಿ ಸಹಿ ಹಾಕಿದ್ದು. ಅದನ್ನು ಮೋಸವೆಂದು ಯಾರೂ ತಿಳಿದಿರಲಿಲ್ಲ. ಗುರುಗಳಿಗೆ ಸರಿಯಾದ ಉತ್ತರ ಒಪ್ಪಿಸುವುದು ಮರ್ಯಾದೆ ಎಂದೇ ನಂಬಿದ್ದೆವು.

ಸರ್ ಒಂದು ವಾರ ಮೊದಲೇ ಲ್ಯಾಬಿನ ಗಡಿಯಾರವನ್ನು ಪೇಟೆಯ ವಾಚ್ ರಿಪೇರಿಯವನಿಗೆ ಕೊಟ್ಟು, ಗಂಟೆಗೆ ಎರಡು ನಿಮಿಷ ಮುಂದೆ ಓಡುವಂತೆ ಮಾಡಿಸಿದ್ದರು. ಅದರಲ್ಲಿ ಅಳೆದರೆ ಒಂಬೈನೂರ ಹದಿನೆಂಟರ ಆಸುಪಾಸು ಬರಬೇಕು. ಇಡೀ ತರಗತಿಗೆ ಒಂಬೈನೂರ ಎಂಬತ್ತು ಬಂತು. ಇಚಿಲಂಪಾಡಿಯಿಂದ ಬರುತ್ತಿದ್ದ ಒಬ್ಬಳು ಹುಡುಗಿಗೆ ಮಾತ್ರ ಒಂಬೈನೂರ ಇಪ್ಪತ್ತು ಬಂದು, ಅವಳು ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಅವಳಿಗೆ ಪೂರ್ತಿ ಮಾರ್ಕು, ನಮಗೆಲ್ಲ ಸೊನ್ನೆ. ಪ್ರಾಂಶುಪಾಲರವರೆಗೂ ದೂರು ಹೋಯಿತು. ಗಡಿಯಾರ ಕೆಡಿಸಿದ್ದು ಅಧ್ಯಾಪಕರೇ ಆದ ಮೇಲೆ ಮಕ್ಕಳದ್ದೇನು ತಪ್ಪು ಎಂದು ನಾವು ಜೋರಾಗಿಯೇ ಕೇಳಿದೆವು. ಗಡಿಯಾರ ಕೆಟ್ಟದ್ದು ನಿಮ್ಮ ಪುಸ್ತಕದಲ್ಲಿ ಯಾಕೆ ಕಾಣುವುದಿಲ್ಲ ಎಂದು ಅವರು ಕೇಳಿದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಸೊನ್ನೆಯಿಂದ ಎಂದು ಈಗ ಹೇಳಿದರೆ ಚೆಂದ ಕೇಳುತ್ತದೆ, ಆದರೆ ನಿಜವಲ್ಲ. ಆಗ ಹುಟ್ಟಿದ್ದು ಹೆದರಿಕೆ. ಪ್ರೀತಿ ಆಮೇಲೆ, ನನಗೆ ತಿಳಿಯದ ಹಾಗೆ ಬಂತು.

ಎಂಬತ್ತರ ದಶಕ ಶುರುವಾದ ಮೇಲೆ ಅವರ ಹಳೆಯ ಮುಂಬಯಿ ಗೆಳೆಯರ ಮೂಲಕ ಯುರೋಪಿನ ಒಂದು ದೊಡ್ಡ ಪ್ರಯೋಗಾಲಯದಿಂದ ಕರೆ ಬಂತು. ಎರಡು ವರ್ಷದ ರಜೆ ಹಾಕಿ ಹೋದರು. ನಾನು ಅಷ್ಟರಲ್ಲಿ ಎಂ.ಎಸ್ಸಿ. ಮುಗಿಸಿ ಅದೇ ಕಾಲೇಜಿನಲ್ಲಿ, ಅದೇ ವಿಭಾಗದಲ್ಲಿ ಪ್ರೊಬೇಷನ್ ಮೇಲೆ ಅಧ್ಯಾಪಕನಾಗಿ ಸೇರಿದ್ದೆ.

ಅವರು ಅಲ್ಲಿ ಏನನ್ನು ಹುಡುಕುತ್ತಿದ್ದರು ಎಂದು ನನಗೆ ತಿಳಿದದ್ದು ಅವರು ಮರಳಿದ ಮೇಲೆ, ಸ್ಟಾಫ್‌ರೂಮಿನ ಕೇರಂ ಬೋರ್ಡಿನ ಮುಂದೆ. ನಮಗೆ ಗೊತ್ತಿರುವ ಪ್ರತಿ ಜಾತಿಯ ಕಣಕ್ಕೂ ಪ್ರಕೃತಿಯಲ್ಲಿ ಒಂದು ಜೋಡಿ ಇರಬೇಕು ಎಂದು ಒಂದು ಸಿದ್ಧಾಂತ ಹೇಳುತ್ತದೆ. ಅದಕ್ಕೆ ಸೂಪರ್‌ಸಿಮೆಟ್ರಿ ಎಂದು ಹೆಸರು. ಆ ಜೋಡಿಗಳನ್ನು ಯಾರೂ ಕಂಡಿಲ್ಲ. ನೆಲದಡಿಯ ಸುರಂಗದಲ್ಲಿ ಎರಡು ದಿಕ್ಕಿನಿಂದ ಕಣಗಳನ್ನು ಓಡಿಸಿ ಒಂದಕ್ಕೊಂದು ಬಡಿಸಿದರೆ, ಅಪರೂಪಕ್ಕೆ ಅಂಥದ್ದೊಂದು ಹುಟ್ಟಬಹುದು. ಹುಟ್ಟಿದರೂ ಸುತ್ತ ಇಟ್ಟ ಯಂತ್ರಗಳಿಗೆ ಸಿಗದೆ ಹಾದುಹೋಗುತ್ತದೆ. ಹಾಗಾದರೆ ಬಂದದ್ದು ತಿಳಿಯುವುದು ಹೇಗೆ? ಸರ್ ಕಾಯಿಗಳನ್ನು ನಡುವೆ ಗುಂಪು ಮಾಡಿ, ಎರಡು ಕಡೆಯಿಂದ ಎರಡು ಸ್ಟ್ರೈಕರ್ ಸಮನಾಗಿ ಬಂದು ಬಡಿಯಿತು ಎಂದು ಎಣಿಸು ಎಂದರು. ಕಾಯಿಗಳು ಎಲ್ಲ ಬದಿಗೂ ಚದುರಬೇಕು. ಒಂದು ಬದಿಗೆ ಮಾತ್ರ ಹೋಗಿ ಎದುರು ಬದಿ ಖಾಲಿ ಕಂಡರೆ, ಆ ಬದಿಗೆ ನಮಗೆ ಕಾಣದ ಕಾಯಿಯೊಂದು ಹೋಗಿದೆ ಎಂದು ತಿಳಿಯಬೇಕು. ನಾನು ತಲೆಯಾಡಿಸಿದೆ.

"ಖಾಲಿ ಅಂತ ಹೇಳುದು ಸುಲಭ," ಎಂದರು ಅವರು. "ಕಾಯಿ ನಿಜವಾಗಿ ಕಾಣದ್ದಾ, ಅಲ್ಲ ಬೋರ್ಡಿನ ಸಂದಿಗೆ ಬಿದ್ದದ್ದಾ? ಅದನ್ನು ನೋಡುವಷ್ಟು ತಾಳ್ಮೆ ಯಾರಿಗುಂಟು?"

ಅವರು ಮರಳಿದ್ದು ಎರಡು ವರ್ಷ ತುಂಬುವ ಮೊದಲೇ. ಅದೇ ಗುಮಾನಿಗೆ ಕಾರಣವಾಯಿತು. ಅದೇ ಸಮಯಕ್ಕೆ ಪತ್ರಿಕೆಗಳಲ್ಲಿ, ಯುರೋಪಿನ ಯಂತ್ರದಲ್ಲಿ ವಿಚಿತ್ರ ಘಟನೆಗಳು ಕಂಡಿವೆ, ಒಂದು ಬದಿ ಖಾಲಿಯಾಗಿರುವ ಡಿಕ್ಕಿಗಳು, ಬಹುಶಃ ಹೊಸ ಕಣಗಳೇ ಸಿಕ್ಕಿವೆ ಎಂಬ ಸುದ್ದಿ ಬರತೊಡಗಿತ್ತು. ಅಂಥ ಕಡೆಯಿಂದ, ಅಂಥ ಹೊತ್ತಿನಲ್ಲಿ, ಯಾವನಾದರೂ ಊರಿಗೆ ಬರುತ್ತಾನೆಯೇ? ಬಂದವರು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದಿದ್ದರು, ಅದನ್ನು ಕಾಲೇಜಿನ ಡಾರ್ಕ್‌ರೂಮಿನಲ್ಲಿಟ್ಟು ಬೀಗ ಹಾಕಿದ್ದರು. ಕುಂಬ್ರದ ಜಂಕ್ಷನ್‌ನಲ್ಲಿ, ನಮ್ಮ ಮನೆಗೆ ತಿರುಗುವ ದಾರಿಯ ಹೋಟೆಲಿನಲ್ಲಿ, ಪೆಟ್ಟಿಗೆಯಲ್ಲಿರುವುದು ಯುರೇನಿಯಂ ಎಂದು ತೀರ್ಮಾನವಾಗಿತ್ತು. ನನ್ನ ಸೋದರಮಾವ, ತಾಲೂಕಿನ ಹೊರಗಿನ ಯಾವುದನ್ನೂ ನಂಬದವರು, ನಿನ್ನ ಮೇಷ್ಟ್ರನ್ನು ಅಲ್ಲಿಂದ ಓಡಿಸಿರಬೇಕು, ನೀನು ಅವರ ಜೊತೆ ಜಾಸ್ತಿ ಓಡಾಡಬೇಡ ಎಂದು ತುಳುವಿನಲ್ಲಿ ಎಚ್ಚರಿಸಿದರು. ನಾನು ನಕ್ಕುಬಿಟ್ಟೆ. ಆದರೆ ಮರುದಿನ ಡಾರ್ಕ್‌ರೂಮಿನ ಮುಂದೆ ಹಾದುಹೋಗುವಾಗ ಬೀಗದ ಕಡೆ ನನ್ನ ಕಣ್ಣು ಹೋಯಿತು.

ಕಾಲೇಜಿನ ಆಡಳಿತ ನೋಡಿಕೊಳ್ಳುವ ಸಂಚಾಲಕರಿಗೆ ಎರಡು ಆಸೆ ಒಟ್ಟಿಗೇ ಇದ್ದವು. ಸರ್ ನಿಜವಾಗಿ ಹೊಸ ಕಣ ಕಂಡುಹಿಡಿದವರಲ್ಲಿ ಒಬ್ಬರಾದರೆ ದೊಡ್ಡ ಸನ್ಮಾನ ಮಾಡಬೇಕು, ಕಾಲೇಜಿನ ಹೆಸರು ಹರಡಬೇಕು. ಅಲ್ಲದಿದ್ದರೆ ಅದೂ ತಮಗೇ ಮೊದಲು ತಿಳಿಯಬೇಕು. ನನ್ನನ್ನು ಕೋಣೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿದರು. ಪ್ರೊಬೇಷನ್‌ನಲ್ಲಿರುವವನಿಗೆ ಚಹಾ ತರಿಸಿದರೆಂದರೆ ಏನೋ ಇದೆ ಎಂದು ಗೊತ್ತಾಗುತ್ತದೆ. ಅವರು ಏನು ಮಾಡುತ್ತಾರೆ, ಎಲ್ಲಿಗೆ ಕಾಗದ ಬರೆಯುತ್ತಾರೆ, ಪೆಟ್ಟಿಗೆಯಲ್ಲಿ ಏನಿದೆ, ಸ್ವಲ್ಪ ನೋಡಿಕೊಂಡಿರಿ ಎಂದರು. ನಾನು ಒಪ್ಪಿದೆನೆಂದು ಹೇಳಲಾರೆ. ಆಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಆಮೇಲೆ ವಾರಕ್ಕೊಮ್ಮೆ ಆ ಕೋಣೆಗೆ ಹೋಗುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಸರ್ ತಾವಾಗಿಯೇ ನನ್ನನ್ನು ಡಾರ್ಕ್‌ರೂಮಿಗೆ ಕರೆದು ಪೆಟ್ಟಿಗೆ ತೆರೆದರು. ಒಳಗಿದ್ದದ್ದು ಚಿತ್ರಗಳು. ಕಂಪ್ಯೂಟರ್ ಬರೆದ ವೃತ್ತ, ಅದರ ನಡುವಿನಿಂದ ಹೊರಟ ಗೆರೆಗಳ ಗೊಂಚಲು, ಸುತ್ತ ಸಣ್ಣ ಚೌಕಗಳು. ಪ್ರತಿಯೊಂದೂ ಒಂದೊಂದು ಡಿಕ್ಕಿಯ ಚಿತ್ರ. ನನ್ನ ಕೆಲಸ ಇಷ್ಟೇ. ಒಂದೊಂದನ್ನೂ ಅಳತೆಪಟ್ಟಿ ಇಟ್ಟು ನೋಡಿ, ಗೊಂಚಲಿನ ಎದುರು ಬದಿ ನಿಜವಾಗಿ ಖಾಲಿಯೇ, ಅಥವಾ ಯಂತ್ರದ ತುಂಡುಗಳ ನಡುವಿನ ಸಂದಿಯಲ್ಲಿ ಏನಾದರೂ ಮಸುಕು ಗುರುತು ಉಂಟೇ ಎಂದು ತೀರ್ಮಾನಿಸಿ, ನಂಬರಿನ ಎದುರು ಖಾಲಿ ಅಥವಾ ಅಲ್ಲ ಎಂದು ಬರೆಯುವುದು. ಯಾವ ಚಿತ್ರ ಎಂಥದ್ದು ಎಂದು ಅವರು ಹೇಳುವುದಿಲ್ಲ, ನಾನು ಕೇಳಬಾರದು. ಇದು ಅಲ್ಲಿಯವರು ಕೇಳಿದ ಕೆಲಸವಲ್ಲ, ನನ್ನ ಸಮಾಧಾನಕ್ಕೆ ಎಂದರು.

ನಾನೇ ಯಾಕೆ ಎಂದು ಕೇಳಿದೆ. "ನಿನಗೆ ಇದರಲ್ಲಿ ಎಂತದ್ದೂ ಗೊತ್ತಿಲ್ಲ. ಅದಕ್ಕೇ," ಎಂದರು.

ಹೊಗಳಿಕೆಯೆಂದು ತಿಳಿಯಲು ನನಗೆ ವರ್ಷಗಳು ಬೇಕಾದವು. ಆವತ್ತು ಮುಖಕ್ಕೆ ಹೊಡೆದ ಹಾಗಾಯಿತು.

ಮೂರು ವಾರ, ಕ್ಲಾಸು ಮುಗಿದ ಮೇಲೆ, ಅವರು ಎದುರು ಕೂತು ಒಂದೊಂದೇ ಚಿತ್ರವನ್ನು ಮೇಜಿನ ಮೇಲಿಡುತ್ತಿದ್ದರು, ನಾನು ನೋಡಿ ಬರೆಯುತ್ತಿದ್ದೆ. ಮೊದಲ ವಾರ ಬರೀ ಚಿತ್ರಗಳನ್ನೇ ನೋಡಿದೆ. ಎರಡನೆಯ ವಾರದಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಕೆಲವು ಚಿತ್ರಗಳನ್ನು ಇಡುವಾಗ ಅವರ ಹೆಬ್ಬೆರಳು ಮೇಜಿನ ಅಂಚನ್ನು ಉಜ್ಜುತ್ತಿತ್ತು, ನಾನು ಬರೆದು ಮುಗಿಸುವ ತನಕ ಉಸಿರು ಬಿಡುತ್ತಿರಲಿಲ್ಲ. ಇವು ಮುಖ್ಯವಾದವು, ಖಾಲಿ ಎಂದು ಬಂದರೆ ಇವರಿಗೆ ಸಂತೋಷ ಎಂದು ನಾನು ಊಹಿಸಿದೆ. ಊಹಿಸಿದೆ ಎಂದರೂ ಹೆಚ್ಚಾಯಿತು. ತಿಳಿದು ಮಾಡಿದ್ದಲ್ಲ. ಹೆಬ್ಬೆರಳು ಉಜ್ಜಿದ ಚಿತ್ರದಲ್ಲಿ ಮಸುಕು ಗುರುತು ನನಗೆ ಕಾಣಿಸುತ್ತಲೇ ಇರಲಿಲ್ಲ. ಅವರು ಗೆಲ್ಲಬೇಕೆಂದು ನನಗೆ ಆಸೆಯಿತ್ತು. ಅವರು ಗೆದ್ದರೆ ಸನ್ಮಾನದ ದಿನ, ಅದರಲ್ಲಿ ಕೈ ಹಾಕಿದ ಕಿರಿಯ ಅಧ್ಯಾಪಕ ಎಂದು ನನ್ನ ಹೆಸರೂ ಬರುತ್ತದೆ ಎಂಬ ಆಸೆಯೂ ಇತ್ತು. ಸಂಚಾಲಕರು ಹಾಗೆ ಸೂಚಿಸಿದ್ದರು ಕೂಡ.

ನಾಲ್ಕನೆಯ ವಾರದ ಶನಿವಾರ ಬೆಳಿಗ್ಗೆ ಸಂಚಾಲಕರು ಮತ್ತೆ ಕರೆಸಿದರು. ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿದರು. ನನ್ನ ಪ್ರೊಬೇಷನ್ ಬಗ್ಗೆ ವಿಭಾಗದ ಮುಖ್ಯಸ್ಥರಾಗಿ ಸರ್ ಬರೆದುಕೊಟ್ಟ ವರದಿ. ಪಾಠ ಚೆನ್ನಾಗಿದೆ, ಶ್ರದ್ಧೆಯಿದೆ; ಆದರೆ ಹಿರಿಯರು ಏನು ಬಯಸುತ್ತಾರೋ ಅದನ್ನೇ ಕಾಣುವ ಗುಣ ಇದೆ, ಇನ್ನೂ ಒಂದು ವರ್ಷ ನೋಡುವುದು ಒಳ್ಳೆಯದು ಎಂದಿತ್ತು. ನೀವು ಅವರಿಗೆ ಇಷ್ಟೆಲ್ಲ ಮಾಡುತ್ತೀರಿ, ಅವರು ನಿಮಗೆ ಮಾಡಿದ್ದು ನೋಡಿ ಎಂದು ಸಂಚಾಲಕರು ಕನಿಕರದಿಂದ ಹೇಳಿದರು. ನನ್ನ ಕಿವಿ ಬಿಸಿಯಾಯಿತು. ಆ ವಾಕ್ಯ ನಿಜವೆಂದು ಒಳಗೆ ಎಲ್ಲಿಯೋ ಗೊತ್ತಿದ್ದುದರಿಂದಲೇ ಸಿಟ್ಟು ಅಷ್ಟು ಏರಿತೋ ಏನೋ.

ಅಲ್ಲಿಂದ ವಿಭಾಗಕ್ಕೆ ಬಂದರೆ ಸರ್ ಇರಲಿಲ್ಲ. ಸುಳ್ಯಕ್ಕೆ ಹೋಗಿದ್ದಾರೆ, ಇದನ್ನು ನಿಮಗೆ ಕೊಡಲಿಕ್ಕೆ ಹೇಳಿದ್ದಾರೆ ಎಂದು ಕುಂಞಣ್ಣ ಇನ್ನೊಂದು ಕಟ್ಟು ಚಿತ್ರಗಳನ್ನು ಕೊಟ್ಟ. ಒಬ್ಬನೇ ಕೂತು ಅಷ್ಟನ್ನೂ ಒಂದೇ ಉಸಿರಿಗೆ ನೋಡಿದೆ. ಅಳತೆಪಟ್ಟಿಯನ್ನು ಚಿತ್ರದ ಮೇಲೆ ಬಡಿದು ಬಡಿದು ಇಟ್ಟೆ. ಎಲ್ಲಿ ನೋಡಿದರೂ ಮಸುಕು ಗುರುತು ಕಂಡಿತು. ಅಲ್ಲ, ಅಲ್ಲ, ಅಲ್ಲ ಎಂದು ಬರೆದು, ಹಾಳೆಯನ್ನು ಕುಂಞಣ್ಣನ ಕೈಗಿಟ್ಟು ಮನೆಗೆ ಹೋದೆ.

ಸೋಮವಾರ ಸರ್ ಕರೆದರು. ಮೇಜಿನ ಮೇಲೆ ನನ್ನ ಎರಡೂ ಹಾಳೆಗಳು, ಪಕ್ಕದಲ್ಲಿ ಎರಡು ಚಿತ್ರ.

"ಇದೆರಡೂ ಒಂದೇ ಚಿತ್ರ," ಎಂದರು. "ಒಂದು ನೆಟ್ಟಗೆ, ಇನ್ನೊಂದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ನಾನೇ ಪ್ರಿಂಟ್ ಹಾಕಿದ್ದು. ನೆಟ್ಟಗಿನದ್ದಕ್ಕೆ ನೀನು ಖಾಲಿ ಅಂತ ಬರೆದಿದ್ದಿ. ತಿರುಗಿಸಿದ್ದಕ್ಕೆ ಅಲ್ಲ ಅಂತ. ಹೀಗೆ ಇದೊಂದೇ ಅಲ್ಲ, ಏಳು ಉಂಟು."

ಡಾರ್ಕ್‌ರೂಮಿನ ಬೀಗದ ಗುಟ್ಟು ಅದು. ಊರೆಲ್ಲ ಯುರೇನಿಯಂ ಹುಡುಕುತ್ತಿದ್ದಾಗ ಅವರು ಒಳಗೆ ಕೂತು ಚಿತ್ರಗಳನ್ನು ಎಡಬಲ ಮಾಡುತ್ತಿದ್ದರು. ನನ್ನಿಂದ ತಪ್ಪಾಗಿರಬಹುದು ಸರ್ ಎಂದೆ.

"ತಪ್ಪಾದ್ರೆ ಎರಡೂ ಕಡೆಗೆ ಆಗ್ಬೇಕಿತ್ತು. ನಿಂದು ಒಂದೇ ಕಡೆಗೆ ಹೋಗಿದೆ. ನಾನು ಎದುರು ಇದ್ದಾಗ ಖಾಲಿ, ಇಲ್ಲದಾಗ ಅಲ್ಲ. ನೀನು ನೋಡಿದ್ದು ಚಿತ್ರ ಅಲ್ಲ ಮಾರಾಯ, ನನ್ನ ಮುಖ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, ಯುರೋಪಿನಲ್ಲಿ ನಡೆದದ್ದನ್ನು ಹೇಳಿದರು. ಅಲ್ಲಿಯೂ ಕೊನೆಯ ತೀರ್ಮಾನಕ್ಕೆ ಮನುಷ್ಯರೇ ಕೂತು ಚಿತ್ರ ನೋಡುತ್ತಿದ್ದರು, ಅವರಲ್ಲಿ ಇವರೂ ಒಬ್ಬರು. ಈಗ ಮೇಜಿನ ಮೇಲಿದ್ದ ಇದೇ ಚಿತ್ರ ಅಂದು ಅವರ ಪಾಲಿಗೆ ಬಂದಿತ್ತು. ಸಂದಿಯಲ್ಲಿ ಏನೋ ಇದೆಯೋ ಇಲ್ಲವೋ ಎಂಬಂಥದ್ದು. ಗುಂಪಿನ ಹಿರಿಯರು ಬಂದು ಬೆನ್ನ ಹಿಂದೆ ನಿಂತರು. ಏನೂ ಹೇಳಲಿಲ್ಲ, ಉಸಿರು ಹಿಡಿದರು, ಅಷ್ಟೇ. ಇವರು ಖಾಲಿ ಎಂದು ಬರೆದು ಸಹಿ ಹಾಕಿದರು. ಆ ಬೆರಳೆಣಿಕೆಯ ಘಟನೆಗಳಲ್ಲಿ ಅದೂ ಸೇರಿ, ಜಗತ್ತಿಗೆ ಸುದ್ದಿಯಾಯಿತು. ಅಂದಿನಿಂದ ಇವರಿಗೆ ಊಟ ರುಚಿಸಲಿಲ್ಲ. ಮನೆಯ ಕಾರಣ ಹೇಳಿ ರಜೆ ಅರ್ಧಕ್ಕೆ ಬಿಟ್ಟು, ಚಿತ್ರಗಳ ಪ್ರತಿ ಕಟ್ಟಿಕೊಂಡು ಬಂದರು.

"ಅಲ್ಲಿ ಯಾರೂ ಸುಳ್ಳು ಹೇಳ್ಲಿಲ್ಲ," ಎಂದರು. "ನೀನು ಸಹ ಹೇಳ್ಲಿಲ್ಲ. ನಾನು ಸಹ ಇಲ್ಲ. ಅದೇ ಹೆದರಿಕೆ ಆಗುದು ನನಗೆ."

ಆಮೇಲೆ ಎರಡನೆಯ ಹಾಳೆಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದರು. "ಒಂದು ಕೇಳ್ತೇನೆ. ಆ ಶನಿವಾರ ಇದನ್ನು ಬರೆಯುವಾಗ ನಿನಗೆ ನನ್ನ ಮೇಲೆ ಸಿಟ್ಟಿತ್ತಾ?"

ಇತ್ತು ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ವರದಿ ನಾನು ನೋಡಿದ್ದು ತಿಳಿಯುತ್ತದೆ. ಅದು ತಿಳಿದರೆ ವಾರ ವಾರ ನಾನು ಆ ಕೋಣೆಯಲ್ಲಿ ಚಹಾ ಕುಡಿದು ಏನು ಹೇಳಿ ಬರುತ್ತಿದ್ದೆ ಎಂಬುದೂ ತಿಳಿಯುತ್ತದೆ. ಇಷ್ಟೂ ನನ್ನ ತಲೆಯಲ್ಲಿ ಒಂದು ಕ್ಷಣದಲ್ಲಿ ಓಡಿತು.

"ಇಲ್ಲ ಸರ್," ಎಂದೆ.

ಅವರು ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಮತ್ತೆ, ಮೆಲ್ಲಗೆ, ತಾವು ಮಾಡಬೇಕೆಂದಿರುವುದನ್ನು ವಿವರಿಸಿದರು. ನನಗೆ ಸಿಟ್ಟಿದ್ದಿದ್ದರೆ ಎರಡನೆಯ ಹಾಳೆಯೂ ಕೆಟ್ಟಂತೆ. ಆಗ ಅವರು ಯುರೋಪಿಗೆ ಬರೆಯಬಹುದಾದದ್ದು ಇಷ್ಟೇ, ಈ ಚಿತ್ರದ ಬಗ್ಗೆ ಖಚಿತವಿಲ್ಲ ಎಂದು. ಅಷ್ಟು ಬರೆದರೆ ಯಾರೂ ಬೇಸರ ಮಾಡುವುದಿಲ್ಲ, ಮುಂದಿನ ವರ್ಷ ಮರಳಿ ಬರಲು ಕೊಟ್ಟ ಕರೆ ಹಾಗೆಯೇ ಉಳಿಯುತ್ತದೆ. ಆದರೆ ಏನೂ ತಿಳಿಯದ, ಯಾವ ಆಸೆಯೂ ಸಿಟ್ಟೂ ಇಲ್ಲದ ಒಂದು ಕಣ್ಣಿಗೆ ಸಂದಿಯಲ್ಲಿ ಗುರುತು ಕಂಡಿದೆ ಎಂದಾದರೆ, ಆ ಬದಿ ಖಾಲಿಯಲ್ಲ, ನಾನು ಸಹಿ ಹಾಕಿದ್ದು ತಪ್ಪು, ನನ್ನ ಹೆಸರು ತೆಗೆಯಿರಿ ಎಂದೇ ಬರೆಯಬೇಕು. ಹಾಗೆ ಬರೆದವರನ್ನು ಮತ್ತೆ ಯಾರೂ ಕರೆಯುವುದಿಲ್ಲ.

"ಇನ್ನೆಂತಾದ್ರೂ ಹೇಳ್ಲಿಕ್ಕುಂಟಾ?" ಎಂದು ಕೇಳಿದರು.

ಆಗಲಾದರೂ ಹೇಳಬಹುದಿತ್ತು. ಇಲ್ಲವೆಂದು ತಲೆಯಾಡಿಸಿ ಹೊರಗೆ ಬಂದೆ. ಮರುದಿನ ಕುಂಞಣ್ಣ ದೊಡ್ಡ ಲಕೋಟೆಯೊಂದನ್ನು ರಿಜಿಸ್ಟರ್ ಮಾಡಿಸಲು ಅಂಚೆ ಕಚೇರಿಗೆ ಹೋದ.

ಮುಂದಿನ ವರ್ಷದ ಕರೆ ಬರಲಿಲ್ಲ. ಕಾಗದಗಳೂ ನಿಂತವು. ಸನ್ಮಾನಕ್ಕೆ ಅವರು ಒಪ್ಪದೆ, ಕಣ ಸಿಕ್ಕಿಲ್ಲ, ಸಿಕ್ಕಿದ್ದರೂ ನನಗೆ ಸಿಕ್ಕಿಲ್ಲ ಎಂದು ಸಂಚಾಲಕರ ಮುಖಕ್ಕೇ ಹೇಳಿದರು. ಅದರಿಂದ ಊರಿನ ಗುಮಾನಿ ಗಟ್ಟಿಯಾಯಿತು. ಏನೋ ಮಾಡಿ ಬಂದಿದ್ದಾನೆ, ಅದಕ್ಕೇ ವೇದಿಕೆ ಹತ್ತಲು ಹೆದರುತ್ತಾನೆ ಎಂದರು. ಇತ್ತ ಸಂಚಾಲಕರು ಸರ್ ಬರೆದ ವರದಿಯನ್ನು ಬದಿಗಿಟ್ಟದ್ದರಿಂದ, ಪ್ರೊಬೇಷನ್ ಮುಗಿದು ನನ್ನ ಕೆಲಸ ಯಾವ ತಕರಾರೂ ಇಲ್ಲದೆ ಕಾಯಂ ಆಯಿತು. ಆ ಆದೇಶವನ್ನು ನಾನು ಮನೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಸ್ವಲ್ಪ ಕಾಲದಲ್ಲಿ ಯುರೋಪಿನ ಸುದ್ದಿಯೂ ತಣ್ಣಗಾಯಿತು. ಇನ್ನಷ್ಟು ಡಿಕ್ಕಿಗಳನ್ನು ನೋಡಿದಾಗ, ಆ ವಿಚಿತ್ರ ಘಟನೆಗಳಿಗೆಲ್ಲ ಹಳೆಯ, ಗೊತ್ತಿದ್ದ ಕಾರಣಗಳೇ ಸಾಕು, ಹೊಸ ಕಣ ಬೇಡ ಎಂದಾಯಿತಂತೆ. ನಾನು ಆ ವರದಿಯನ್ನು ಲೈಬ್ರರಿಯಲ್ಲಿ ಓದಿ, ಓಡಿಕೊಂಡೇ ಅವರಲ್ಲಿಗೆ ಹೋದೆ. ನೀವು ಹೇಳಿದ್ದೇ ಸರಿಯಾಯಿತು ಸರ್ ಎಂದೆ. ನನ್ನ ಎದೆಯ ಭಾರ ಇಳಿದ ಖುಷಿ ಅದು. ಅವರು ಚಾಕ್‌ಪೀಸಿನ ಪುಡಿ ಕೊಡವಿಕೊಳ್ಳುತ್ತ, "ಉತ್ತರ ಸರಿ ಬಂದ್ರೆ ರೀಡಿಂಗ್ ಸರಿ ಇತ್ತು ಅಂತ ಅಲ್ಲ," ಎಂದು ಕ್ಲಾಸಿಗೆ ನಡೆದರು. ಅವರಿಗೆ ಏನಾದರೂ ತಿಳಿದಿದೆಯೇ ಎಂಬ ಸಂಶಯ ನನಗೆ ಹತ್ತಿದ್ದು ಆಗ.

ಅವರಿಗೆ ತಿಳಿದದ್ದು ಅದಾದ ಮೇಲೆ. ಅವರ ನಿವೃತ್ತಿಗೆ ಕೆಲವು ತಿಂಗಳ ಮೊದಲು ಯಾವುದೋ ನೇಮಕದ ವಿಷಯದಲ್ಲಿ ಸಂಚಾಲಕರಿಗೂ ಅವರಿಗೂ ದೊಡ್ಡ ಮಾತಾಯಿತು. ಸಂಚಾಲಕರು ಕೋಪದಲ್ಲಿ, ನೀವು ನಂಬಿದ ಹುಡುಗನೇ ನಿಮ್ಮ ಸುದ್ದಿ ನನಗೆ ತಂದುಕೊಡುತ್ತಿದ್ದ, ನೀವು ಬರೆದ ವರದಿಯನ್ನು ಇದೇ ಮೇಜಿನ ಮೇಲೆ ಓದಿದ್ದಾನೆ, ನೀವು ಸುಳ್ಯಕ್ಕೆ ಹೋದ ದಿನ ಎಂದುಬಿಟ್ಟರು. ಬಾಗಿಲ ಹೊರಗಿದ್ದ ಕುಂಞಣ್ಣ ಕೇಳಿಸಿಕೊಂಡು ನನಗೆ ಹೇಳಿದ. ಸರ್ ಏನಂದರು ಎಂದು ಕೇಳಿದೆ. ಎಂತ ಹೇಳ್ಲಿಲ್ಲ, ಒಂದು ಕಣ್ಣು ಮುಚ್ಚಿ ನಿಂತಿದ್ರು ಎಂದ.

ಕರೆಯುತ್ತಾರೆಂದು ದಿನವೂ ಕಾದೆ. ಕರೆಯಲಿಲ್ಲ. ಮೊದಲಿನಂತೆಯೇ ನಡೆದುಕೊಂಡರು, ಸ್ಟಾಫ್‌ರೂಮಿನಲ್ಲಿ ಕೇರಂ ಆಡಿದರು, ಬೀಳ್ಕೊಡುಗೆಯ ದಿನ ನನ್ನ ಕೈ ಹಿಡಿದು, ಐವರ್ನಾಡಿಗೆ ಬಾ ಎಂದರು. ಬರುತ್ತೇನೆ ಎಂದೆ. ಹೋಗಲಿಲ್ಲ. ಪರೀಕ್ಷೆ, ಮದುವೆ, ಮನೆ ಕಟ್ಟುವುದು, ಕಾರಣಗಳಿಗೇನು ಬರ. ಮೂರು ವರ್ಷ ಆ ದಾರಿಯ ಬಸ್ಸು ನನ್ನ ಮನೆಯ ಮುಂದೆಯೇ ಹೋಗುತ್ತಿತ್ತು.

ಸತ್ತ ಮರುದಿನ ಹೋದೆ. ಎಲ್ಲ ಮುಗಿದು ಜನ ಕರಗಿದ್ದರು. ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿದವರೇ ಗುರುತು ಹಿಡಿದು, ಹತ್ತಿರ ಕೂರಲು ಹೇಳಿದರು. ಅಳು ಮುಗಿದು ದಣಿದ ದನಿ.

"ನಿಮ್ಮನ್ನು ಭಾರೀ ನೆನಪು ಮಾಡ್ತಿದ್ರು," ಎಂದರು. "ಹೇಳಿ ಕಳಿಸ್ಬೇಕಾ ಅಂತ ನಾನು ಎಷ್ಟು ಸಲ ಕೇಳಿದ್ದೆ. ಬೇಡ ಅಂತ ಹೇಳುದು. ಅವನಿಗೆ ನನ್ನ ಹತ್ರ ಹೇಳ್ಲಿಕ್ಕೆ ಒಂದು ಮಾತುಂಟು, ನಾವು ಕರೆದು ಕೇಳಿದ್ರೆ ನಾವು ಹೇಳಿಸಿದ ಹಾಗೆ ಆಗ್ತದೆ, ಅವನಾಗಿ ಬರ್ಲಿ ಅಂತ. ಗೇಟಿನ ಶಬ್ದ ಆದ್ರೆ ಎದ್ದು ನೋಡ್ತಿದ್ರು. ಅದೆಂತ ಮಾತು?"

ನಾನು ಅಂಗಳದಲ್ಲಿ ಮಡಚಿಟ್ಟ ಕುರ್ಚಿಗಳನ್ನು ನೋಡುತ್ತ ಕೂತೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಎಂತದ್ದೂ ಇಲ್ಲ ಅಕ್ಕ," ಎಂದೆ.